ಉಪ್ಪು ಮುಟ್ಟದ ಮನೆಯ ಸಾಕ್ಷಿ

ಅಪ್ಪ, ನೀನಿಲ್ಲದ ಮನೆಯಿಂದ ನಿನ್ನ ದೊಡ್ಡ ಮಗ ಬರೆಯುತ್ತಿದ್ದೇನೆ.

ಕೆಂಚಪ್ಪನವರ ಮಗಳ ಮದುವೆ ನೆನಪಿದೆಯಲ್ಲ? ಆಗ ಅವರು ತಾಲ್ಲೂಕು ಬೋರ್ಡಿನ ಪ್ರೆಸಿಡೆಂಟರು. ಊರಿಗೂರೇ ಪಂಕ್ತಿಯಲ್ಲಿ ಕೂತಿದ್ದರೆ ನೀನು ಅಕ್ಷತೆ ಹಾಕಿ, ಎಲೆ ಮುಟ್ಟದೆ, ನಮ್ಮನ್ನೂ ಎಬ್ಬಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಅವ್ವ ಬೈದಳು. ಪಾಯಸ ತಪ್ಪಿತೆಂದು ನಾನೂ ಮುಖ ಊದಿಸಿಕೊಂಡಿದ್ದೆ.

ಅದೇ ವರ್ಷ ಪಂಚಾಯ್ತಿಯಲ್ಲಿ ನೀನು ಎದ್ದು ನಿಂತೆ. ಊರ ಗೋಮಾಳವನ್ನು ಪ್ರೆಸಿಡೆಂಟರು ಭಾವಮೈದನ ಹೆಸರಿಗೆ ಮಾಡಿಸಿ, ಬೇಲಿ ಹಾಕಿ ಹೊಗೆಸೊಪ್ಪು ನೆಡಿಸಿದ್ದಾರೆ ಎಂದೆ. ಅದು ಎಂದೂ ಗೋಮಾಳವಾಗಿರಲೇ ಇಲ್ಲ, ಇವನು ಸುಳ್ಳುಗಾರ ಎಂದರು ಅವರು. ಅಲ್ಲೇ ದನ ಮೇಯಿಸಿದ್ದವರೆಲ್ಲ ತಲೆ ತಗ್ಗಿಸಿ ಕೂತರು. ಆ ಹೆಸರು ಹೊತ್ತುಕೊಂಡೇ ನೀನು ಕಣ್ಣು ಮುಚ್ಚಿದೆ.

ಕಳೆದ ತಿಂಗಳು ಸರ್ಕಾರದ ವಿಶೇಷ ವಕೀಲರೊಬ್ಬರು ಪಿರಿಯಾಪಟ್ಟಣದ ಬಂಗಲೆಗೆ ಬಂದಿಳಿದರು. ಕೆಂಚಪ್ಪನವರು ಈಗ ಮಾಜಿ. ಆ ಗೋಮಾಳದ ಸಲುವಾಗಿ ಅವರ ಮೇಲೆ ವಿಚಾರಣೆ. ಊರವರನ್ನು ಒಬ್ಬೊಬ್ಬರಾಗಿ ಕರೆಸಿದರೆ ಎಲ್ಲರದೂ ಒಂದೇ ಮಾತು, ಗೊತ್ತಿಲ್ಲ ಬುದ್ದಿ. ಹೆದರಿದ್ದಾರೆಂದು ತಿಳಿದ ವಕೀಲರು ಪೊಲೀಸು ಕಾವಲು ಕೊಡಿಸುತ್ತೇನೆ ಎಂದರಂತೆ. ಪಾಪ, ಮದುವೆಯೂಟ ಉಂಡವರಿಗೆ ಕಾವಲು ಕೊಟ್ಟು ಏನು ಬಂತು? ಉಪ್ಪು ತಿಂದ ಮನೆಯ ಮೇಲೆ ಸಾಕ್ಷಿ ಹೇಳುವುದುಂಟೇ?

ಕೊನೆಗೆ ಅವ್ವನೇ ಹೋದಳು. "ನಾವು ಆ ಮನೇಲಿ ಉಪ್ಪು ಮುಟ್ಟಿಲ್ಲ ಬುದ್ದಿ. ಅದು ಗೋಮಾಳವೇಯ. ಲಗ್ನ ಆಗಿ ಬಂದಾಗಿಂದ ಅಲ್ಲೇ ದನ ಮೇಸಿವ್ನಿ" ಎಂದಳು. ಅಪ್ಪ, ಅಂದು ಎಲೆ ಬಿಟ್ಟು ಎದ್ದಾಗಲೇ ನಿನಗೆ ಇದು ಗೊತ್ತಿತ್ತೇ?

ಮೊನ್ನೆ ಕೆಂಚಪ್ಪನವರೇ ನಮ್ಮ ಜಗಲಿಗೆ ಬಂದು ಕೂತರು. ಸೊರಗಿಹೋಗಿದ್ದಾರೆ. ಅವ್ವ ಮಜ್ಜಿಗೆ ಕೊಟ್ಟಳು. ಒಂದು ಗುಟುಕು ಕುಡಿದವರು ಲೋಟ ನೋಡಿ ನಕ್ಕು, "ಉಪ್ಪಾಕಿದ್ದೀಯ" ಎಂದರು.

"ಬ್ಯಾಡ ಅಂದ್ರೆ ಬುಡಿ, ಸಪ್ಪೆದು ತತ್ತೀನಿ."

ಅವರು ಉಪ್ಪು ಬೇಡವೆನ್ನಲಿಲ್ಲ. ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ, "ನಿನ್ ಗಂಡ ಸುಳ್ಳೇಳ್ನಿಲ್ಲ ಕಣವ್ವ" ಎಂದರು.

"ನಂಗೆ ಗೊತ್ತಿರೋದ ನಂಗ್ಯಾಕೇಳೀರಿ? ಊರ ಮುಂದೆ ಅಂದಿದ್ರಿ, ಊರ ಮುಂದೇ ಏಳಿ."

ಅವರು ಹೆಗಲ ಮೇಲಿನ ವಲ್ಲಿಯಿಂದ ಬಾಯಿ ಒರೆಸಿಕೊಂಡು ಎದ್ದುಹೋದರು. ಹೇಳುತ್ತಾರೋ ಇಲ್ಲವೋ, ಯಾರು ಬಲ್ಲರು?

ಸೋಮವಾರ ಮೈಸೂರಿನ ಕೋರ್ಟಿನಲ್ಲಿ ಅವ್ವನ ಸಾಕ್ಷಿ. ಗಂಡನ ಹೆಸರೇನೆಂದು ಮೊದಲೇ ಕೇಳುತ್ತಾರಂತೆ. ಅವಳು ಇಷ್ಟು ವರ್ಷ ಬಾಯಿಬಿಟ್ಟು ನಿನ್ನ ಹೆಸರು ಹೇಳಿದವಳಲ್ಲ, ಅಲ್ಲಿಯೂ ಹೇಳುವುದಿಲ್ಲ. ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಕೊನೆಯ ಬೆಂಚಿನವರಿಗೂ ಕೇಳುವ ಹಾಗೆ ನಾನು ಹೇಳುತ್ತೇನೆ.