ನೆನಪಾಗುತ್ತಿದೆ ಎಂದು ಬರೆದವಳು ನಾನಲ್ಲ

ಸ್ಟುಡಿಯೋ ಮೇಲಿನ ಮನೆ,
ಹದಿನಾಲ್ಕನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಆರೋಗ್ಯವಾಗಿದ್ದೀಯಾ? ಹಡಗಿನ ಮೋಟಾರು, ವೈರು ಎಂದು ಹೊತ್ತು ಹೊತ್ತಿನ ಊಟ ಬಿಡುತ್ತಿರಬಹುದು. ಬಿಡಬೇಡ. ಹೋದ ಸಲ ನೀನು ಕಳಿಸಿದ ಫೋಟೋದಲ್ಲಿ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಅದನ್ನು ತೆಗೆದ ಮಹಾನುಭಾವರಿಗೆ ಬೆಳಕು ಯಾವ ಕಡೆಯಿಂದ ಬೀಳಬೇಕೆಂಬುದೂ ಗೊತ್ತಿಲ್ಲ. ನನ್ನ ಮೊಣಕಾಲು ಹಾಗೇ ಇದೆ. ಅಣ್ಣ, ಅತ್ತಿಗೆ ಚೆನ್ನಾಗಿದ್ದಾರೆ. ಮೇಲ್ ಬಿಟ್ಟು ಕಾಗದ ಬಂತಲ್ಲ ಎಂದು ಗಾಬರಿಯಾಗಬೇಡ, ಯಾರಿಗೂ ಜೀವಕ್ಕೆ ಅಪಾಯವಿಲ್ಲ. ಆದರೆ ಶನಿವಾರದಿಂದ ಈ ಮನೆಯಲ್ಲಿ ಯಾರ ಮುಖದಲ್ಲೂ ರಕ್ತವಿಲ್ಲ. ನನಗಂತೂ ಮೂರು ರಾತ್ರಿಯಿಂದ ನಿದ್ದೆಯಿಲ್ಲ. ಅಕ್ಷರ ಅಂಕುಡೊಂಕಾಗಿರುವುದು ಅದಕ್ಕೇ, ವಯಸ್ಸಿಗಲ್ಲ.

ನಾನು ಮೆಟ್ಟಿಲು ಇಳಿಯುವುದನ್ನು ಬಿಟ್ಟ ಮೇಲೆ ಸ್ಟುಡಿಯೋ ಹೇಗೆ ನಡೆಯುತ್ತದೆಂದು ನಿನಗೆ ಗೊತ್ತು. ಮೇಲೆ ಕೂತು ಒಂದು ಸಾಲಿನ ಮೇಲ್ ಹಾಕುತ್ತೇನೆ, ಕೆಳಗೆ ಕೆಲಸ ಆಗುತ್ತದೆ. ಮೂಲೆಯ ದೀಪ ಬದಲಿಸು. ಮದುವೆ ಆಲ್ಬಂ ಇವತ್ತೇ ಹೋಗಬೇಕು. ಅಷ್ಟೇ. ಬಾಯಲ್ಲಿ ಹೇಳಿದರೆ ಕೇಳಿಸಲಿಲ್ಲ ಎಂಬ ನೆವ ಇರುತ್ತದೆ, ಬರಹಕ್ಕೆ ಅದಿಲ್ಲ. ಯಾಕೆ, ಏನು ಎಂದು ಯಾರೂ ತಿರುಗಿ ಕೇಳುವುದಿಲ್ಲ. ಆ ಅಭ್ಯಾಸ ನಾನು ಮಾಡಿಸಿಲ್ಲ. ನೀನೊಬ್ಬಳು ಕೇಳುತ್ತಿದ್ದೆ, ಕೇಳಿ ಕೇಳಿ ಕೊನೆಗೆ ಹಡಗು ಹತ್ತಿದೆ.

ಶನಿವಾರ ಬೆಳಿಗ್ಗೆ ನಿನ್ನ ಅತ್ತಿಗೆ ಒಂದು ಕುಟುಂಬವನ್ನು ಪರದೆಯ ಮುಂದೆ ಕೂರಿಸಿಕೊಂಡಿದ್ದಳಂತೆ. ಮಗು ಅಳುತ್ತಿತ್ತು, ಅದರ ಅಪ್ಪ ಗಿಲಕಿ ಆಡಿಸುತ್ತಿದ್ದ. ಆಗ ಸ್ಟುಡಿಯೋ ಮೇಲ್‌ಗೆ ನನ್ನ ಹೆಸರಿನಲ್ಲಿ ಒಂದು ಸಂದೇಶ ಬಂದಿದೆ: ಇಲ್ಲಿ ಒತ್ತಿ ಪಾಸ್‌ವರ್ಡ್ ಹಾಕು, ಕೂಡಲೇ, ಇಲ್ಲದಿದ್ದರೆ ಫೋಟೋಗಳೆಲ್ಲ ಅಳಿಸಿಹೋಗುತ್ತವೆ. ಅವಳು ಒತ್ತಿದಳು, ಹಾಕಿದಳು, ಮಗುವಿನ ಫೋಟೋ ತೆಗೆಯಲು ಹೋದಳು. ಮಧ್ಯಾಹ್ನ ಮೇಲ್ ತೆರೆಯಲಿಲ್ಲ. ಅತ್ತೆಯೇ ಏನೋ ಮಾಡಿಸುತ್ತಿದ್ದಾರೆ ಎಂದುಕೊಂಡು ಸುಮ್ಮನಾದಳು. ನಾನು ಮೇಲೆ, ಅವಳು ಕೆಳಗೆ, ನಡುವೆ ಒಂದು ಮೆಟ್ಟಿಲಸಾಲು. ಬಂದು ಒಂದು ಮಾತು ಕೇಳಲಿಲ್ಲ.

ಸಂಜೆ ಎದುರಂಗಡಿ ಟೈಲರ್ ಕತ್ತಿಗೆ ಟೇಪು ಹಾಕಿಕೊಂಡೇ ಮೇಲೆ ಬಂದರು. ಹಳೆಯ ಫೋಟೋ ಸಿಕ್ಕಿದೆ ಎಂದು ನಾನು ಕಳಿಸಿದ ಮೇಲ್ ನೋಡಿ, ಅದನ್ನು ನೋಡುವ ಆಸೆಗೆ ತಮ್ಮ ಪಾಸ್‌ವರ್ಡ್ ಹಾಕಿದರಂತೆ. ಆಮೇಲೆ ಅವರ ಮೇಲ್ ಕೂಡ ತೆರೆಯುತ್ತಿಲ್ಲ. ನಾನು ಯಾವ ಮೇಲೂ ಕಳಿಸಿಲ್ಲ ಎಂದೆ. ಅವರು ಫೋನ್ ತೋರಿಸಿದರು. ನನ್ನ ಹೆಸರು, ನಮ್ಮ ಸ್ಟುಡಿಯೋ ವಿಳಾಸ. ‘ಬಹಳ ದಿನದಿಂದ ನಿಮ್ಮ ನೆನಪಾಗುತ್ತಿದೆ ಅಂತ ಬರೆದಿದ್ರಿ ಅಮ್ಮಾ. ಇಷ್ಟು ವರ್ಷದಲ್ಲಿ ಮೊದಲ ಸಲ ಒಂದು ಒಳ್ಳೆ ಮಾತು ಆಡಿದ್ರಲ್ಲಾಂತ ಖುಷಿಯಾಗಿ ಒತ್ತಿಬಿಟ್ಟೆ’ ಎಂದರು. ಅಷ್ಟರಲ್ಲಿ ಫೋನ್ ಹೊಡೆದುಕೊಳ್ಳಲು ಶುರುವಾಯಿತು: ಹಲ್ಲಿನ ಡಾಕ್ಟರು, ಶಾಲೆಯ ಹೆಡ್‌ಮಿಸ್ಸು, ಮೂಲೆಮನೆ ಬೀಗರು. ಯಾರ ಮೇಲೂ ಬೆರಳು ತೋರಿಸಲಾರೆ. ಫೋಟೋ ಸಿದ್ಧವಾದರೆ ನಾವು ಹೀಗೆಯೇ ‘ಇಲ್ಲಿ ಒತ್ತಿ’ ಎಂದು ಕಳಿಸುತ್ತೇವಲ್ಲ. ಜನ ತಮ್ಮ ಮುಖವನ್ನೇ ನಂಬಿ ಕೊಟ್ಟುಹೋಗುವ ಅಂಗಡಿ ಇದು. ಆ ನಂಬಿಕೆ ಹೋದರೆ ಕ್ಯಾಮೆರಾ ಇಟ್ಟುಕೊಂಡು ಏನು ಮಾಡುವುದು?

ಸೊಸೆಯನ್ನು ಕರೆದು ಕೇಳಿದೆ, ನಾನೇ ಬರೆದದ್ದು ಅಂತ ಹೇಗೆ ನಂಬಿದೆ ಎಂದು. ಈ ಮನೆಗೆ ಬಂದಾಗಿನಿಂದ ನನಗೆ ಎದುರಾಡದವಳು ತಲೆ ಎತ್ತಿ ಹೇಳಿದಳು: ‘ಅತ್ತೆ, ಅದು ನಿಮ್ಮ ಹಾಗೇ ಇತ್ತಲ್ಲ. ಚೆನ್ನಾಗಿದ್ದೀಯಾ ಅನ್ನೋದಿಲ್ಲ, ಕಾರಣ ಇಲ್ಲ, ಕೂಡಲೇ ಮಾಡು ಅಂತಿತ್ತು.’ ಹೈಸ್ಕೂಲು ಮುಗಿಸಿದವಳು ನಾನು, ನನಗೆ ಟೋಪಿ ಹಾಕುವವರು ಹುಟ್ಟಿಲ್ಲ ಎಂದುಕೊಂಡಿದ್ದೆ. ಈ ಕಳ್ಳ ಟೋಪಿ ಹಾಕಲಿಲ್ಲ ಗುಬ್ಬಿ, ನನ್ನ ಸೀರೆಯನ್ನೇ ಉಟ್ಟುಕೊಂಡು ಒಳಗೆ ಬಂದ.

ಭಾನುವಾರ ಕಂಪ್ಯೂಟರ್ ಮೇಷ್ಟ್ರು ಬಂದು ಕೂತರು. ಅಣ್ಣನ ಫೋನ್ ನಂಬರ್ ಮೊದಲೇ ಅದಕ್ಕೆ ಸೇರಿಸಿದ್ದರಿಂದ ಸ್ಟುಡಿಯೋ ಮೇಲ್ ವಾಪಸ್ ಸಿಕ್ಕಿತು. ಟೈಲರದ್ದಕ್ಕೆ ಇನ್ನೂ ಒದ್ದಾಡುತ್ತಿದ್ದಾರೆ. ಸೊಸೆಗೆ ಮೊದಲು ಬಂದ ಮೇಲ್‌ನಲ್ಲಿ ನನ್ನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದರು. ಹೆಸರಷ್ಟೇ ನನ್ನದು, ಒಳಗಿನ ವಿಳಾಸ ಯಾರದೋ. ಹೆಸರು ಎಲ್ಲಿ ಸಿಕ್ಕಿತೋ ಎಂದರೆ ಸ್ಟುಡಿಯೋದ ವೆಬ್‌ಸೈಟಿನಲ್ಲಂತೆ. ಮಾಲೀಕರು ಎಂದು ದಪ್ಪಕ್ಷರದಲ್ಲಿ ಹಾಕಿಸಿದವಳು ನಾನೇ. ಆಮೇಲೆ ಮೇಷ್ಟ್ರು ಇಂಥ ಕಳ್ಳರ ಲಕ್ಷಣ ವಿವರಿಸಿದರು: ಅವಸರ ಮಾಡ್ತಾರೆ, ಹೆದರಿಸ್ತಾರೆ, ಕಾರಣ ಹೇಳಲ್ಲ, ಇನ್ನೊಬ್ಬರನ್ನ ಕೇಳೋಕೆ ಪುರುಸೊತ್ತು ಕೊಡಲ್ಲ. ನಿನ್ನ ಅಣ್ಣ ಫ್ಯಾನ್ ನೋಡುತ್ತ ಕೂತ. ಅತ್ತಿಗೆಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು. ‘ಮೇಷ್ಟ್ರೇ, ಕಳ್ಳರ ವಿಷಯ ಹೇಳ್ತಿದ್ದೀರೋ, ನನ್ನ ವಿಷಯವೋ’ ಎಂದೆ. ಪಾಪ, ಟೀ ಗಂಟಲಿಗೆ ಸಿಕ್ಕಿಕೊಂಡಿತು.

ಈಗ ಮನೆಗೆ ಹೊಸ ಕಟ್ಟಳೆ ಮಾಡಿದ್ದೇನೆ. ಮೇಲ್‌ನಲ್ಲಿ ಬಂದ ಕೊಂಡಿಯನ್ನು ಒತ್ತಿ ಪಾಸ್‌ವರ್ಡ್ ಹಾಕುವಂತಿಲ್ಲ, ಬೇಕಾದ ವಿಳಾಸವನ್ನು ತಾವೇ ಬರೆದು ಹೋಗಬೇಕು. ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಗುಟ್ಟಿನ ಸಂಖ್ಯೆಯೂ ಬೇಕಾಗುವ ಹಾಗೆ ಮೇಷ್ಟ್ರು ಮಾಡಿಕೊಟ್ಟಿದ್ದಾರೆ, ಅದನ್ನು ಯಾರಿಗೂ ಹೇಳುವಂತಿಲ್ಲ, ನನಗೂ. ನನ್ನ ಹೆಸರಿನಲ್ಲಿ ಅಪ್ಪಣೆ ಬಂದರೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿ ಕೇಳಿಯೇ ಮಾಡಬೇಕು. ಸೊಸೆ ನಿನ್ನೆಯಿಂದ ‘ಅತ್ತೆ, ಇದು ನೀವೇನಾ’ ಎಂದು ಕೂಗಿ ಕೂಗಿ ನನ್ನ ತಲೆ ಚಿಟ್ಟು ಹಿಡಿಸಿದ್ದಾಳೆ. ಅವಳಿಗೆ ಇದರಲ್ಲಿ ಸ್ವಲ್ಪ ಸಂತೋಷವೂ ಸಿಗುತ್ತಿದೆ ಎಂದು ನನ್ನ ಅನುಮಾನ. ಆದರೂ ಉತ್ತರ ಕೊಡುತ್ತಿದ್ದೇನೆ. ಆ ಮೇಲ್ ಯಾರ್ಯಾರಿಗೆ ಹೋಗಿದೆ ಎಂದು ಅಣ್ಣ ಕೆಳಗೆ ಕೂತು ಹುಡುಕುತ್ತಿದ್ದಾನೆ. ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿ ಕ್ಷಮೆ ಕೇಳುತ್ತಿದ್ದೇನೆ. ಆ ಶಬ್ದಕ್ಕೆ ನನ್ನ ನಾಲಿಗೆ ಇನ್ನೂ ಪಳಗಿಲ್ಲ. ಟೈಲರಿಗೆ ಮೊದಲು ಕೇಳಿದೆ. ಅವರು ಇದೂ ನಾನೇ ಹೌದೋ ಅಲ್ಲವೋ ಎಂದು ಕಿಟಕಿಯಿಂದ ಇಣುಕಿ ನೋಡಿದರು.

ಒದ್ದೆ ಕೈಯಲ್ಲಿ ವೈರು ಮುಟ್ಟಬೇಡ. ಗಾಳಿಗೆ ಕಿವಿ ಮುಚ್ಚಿಕೋ. ನಿನ್ನ ಕೈಯ ಕೆಲಸಕ್ಕೆ ಒಳ್ಳೆಯ ಹೆಸರು ಬರಲಿ, ಹೋದಲ್ಲೆಲ್ಲ ನಿನಗೆ ಒಳ್ಳೆಯದಾಗಲಿ.

ಇಂತಿ,
ನಿನ್ನ ಅಮ್ಮ
(ನನ್ನದೇ ಕೈಬರಹ, ನೋಡಿಕೋ)

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಣ್ಣ ಓಡಿ ಬಂದ. ಆ ಕಳ್ಳ ಮೇಲ್ ನಿನಗೂ ಹೋಗಿದೆಯಂತೆ. ಬಂದರು ಮುಟ್ಟುವವರೆಗೆ ನಿನಗೆ ಮೇಲೂ ಇಲ್ಲ, ಫೋನೂ ಇಲ್ಲ. ಅದಕ್ಕೇ ನೀನು ಇಳಿಯುವ ಮೊದಲೇ ಈ ಕಾಗದ ಕೊಡಬೇಕೆಂದು ಹಡಗಿನ ಕಂಪನಿಯವರಿಗೆ ಹೇಳಿಸುತ್ತಿದ್ದೇನೆ. ಆ ಮೇಲ್ ಒತ್ತಬೇಡ. ನೆನಪಾಗುತ್ತಿದೆ ಎಂದು ನಾನು ಯಾವತ್ತಾದರೂ ನಿನಗೆ ಬರೆದಿದ್ದೆನೇ? ಅಲ್ಲಿಯೇ ಅನುಮಾನ ಬರಬೇಕು. ನಿನ್ನ ಹಳೆಯ ಫೋಟೋ ಸಿಕ್ಕಿದೆ ಎಂಬುದು ಸುಳ್ಳು, ಎಲ್ಲವೂ ನನ್ನ ದಿಂಬಿನ ಕೆಳಗೇ ಇವೆ. ನೆನಪಾಗುತ್ತಿದೆ ಎಂಬ ಅದರ ಮೊದಲ ಸಾಲಿನ ವಿಷಯ ಬೇರೆ. ಅದು ನಿಜವೇ ಎಂದು ಫೋನ್ ಮಾಡಿ ತಿರುಗಿ ಕೇಳು. ಹೇಳುತ್ತೇನೆ.