ರೆಗ್ಯುಲೇಟರ್ ನನ್ನ ಚೀಲದಲ್ಲಿದೆ

ರೀ,

ಒಲೆ ಹತ್ತುತ್ತಿಲ್ಲವೆಂದು ನಾವು ಸಂಸಾರ ಹೂಡಿರುವ ಈ ಗಾಡಿಯನ್ನೆಲ್ಲ ತಡಕಾಡಬೇಡಿ. ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದೇನೆ. "ಗಾಡಿ ನಂದು, ಇದರ ಮಿಷನ್ನುಗಳ ತಂಟೆಗೆ ನೀನು ಬರ್ಬೇಡ" ಅಂದಿರಲ್ಲ, ಬಂದಿದ್ದೇನೆ. ಗಾಡಿ ನಿಮ್ಮದಿರಬಹುದು, ಅದರೊಳಗಿನ ಮನೆ ನನ್ನದು. ಏನು ಮಾಡಿಕೊಳ್ಳುತ್ತೀರೋ ಮಾಡಿಕೊಳ್ಳಿ.

ಬೆಳಿಗ್ಗೆ ಏಳುವಾಗಲೇ ನನಗೆ ತಲೆ ಸಿಡಿಯುತ್ತಿತ್ತು. ನೀವು ಚಳಿ ಕಾಯಲು ಒಲೆ ಉರಿಸಿಟ್ಟು ಗೊರಕೆ ಹೊಡೆಯುತ್ತಿದ್ದಿರಿ. ಚಾವಣಿಯ ಗಾಳಿಕಿಂಡಿಗೆ ಏನೋ ತುರುಕಿದಂತಿತ್ತು. ಎಳೆದರೆ, ನಿಮಗೆಂದು ನಾನು ಹೆಣೆದ ಸ್ವೆಟರ್! ವಿಷಗಾಳಿ ತುಂಬಿದರೆ ಕೂಗಬೇಕಾದ ಅಲಾರ್ಮ್ ಯಾಕೆ ಕೂಗಲಿಲ್ಲವೆಂದು ನೋಡಿದರೆ, ಅದರ ಬ್ಯಾಟರಿ ನಿಮ್ಮ ರೇಡಿಯೋದೊಳಗೆ ಹಾಯಾಗಿ ಕೂತಿತ್ತು. ಬಾಗಿಲು ತೆರೆದು ನಿಮ್ಮನ್ನು ಅಲ್ಲಾಡಿಸಿದರೆ, "ಚಳಿ ಕಣೇ, ಬಾಗಿಲು ಹಾಕು" ಅಂತೀರಿ. ಎರಡು ಹೆಣ ಬೀಳುತ್ತಿತ್ತು, ಮಹರಾಯ್ರೇ.

ನಾನು ಬರುವಷ್ಟರಲ್ಲಿ ಆ ಬ್ಯಾಟರಿ ಅಲಾರ್ಮಿಗೆ ವಾಪಸ್ ಹೋಗಿರಬೇಕು. ಇನ್ನು ಮೇಲೆ ಒಲೆ ಅಡುಗೆಗೆ ಮಾತ್ರ, ಅದೂ ಕಿಟಕಿ ತೆರೆದಿಟ್ಟು. ಗ್ಯಾಸ್ ಪೈಪು ಬಿರುಕು ಬಿಟ್ಟಿದೆ, ಹೊಸದು ತನ್ನಿ. ಟೇಪು ಸುತ್ತಿ ನನ್ನ ಕಣ್ಣಿಗೆ ಮಣ್ಣೆರಚಬೇಡಿ.

ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಇದೆ. ಸ್ವೆಟರನ್ನು ಕೊಡವಿ ನಿಮ್ಮ ದಿಂಬಿನ ಮೇಲಿಟ್ಟಿದ್ದೇನೆ. ಚಳಿಯಾದರೆ ಅದನ್ನು ಮೈಗೆ ಹಾಕಿಕೊಳ್ಳಿ.

ಸಂಜೆ ಬಂದವಳೇ ಅಲಾರ್ಮಿನ ಗುಂಡಿ ಒತ್ತಿ ನೋಡುತ್ತೇನೆ. ಅದು ಕೂಗದಿದ್ದರೆ ನಾನು ಕೂಗುತ್ತೇನೆ. ನನ್ನ ಬ್ಯಾಟರಿ ಕೀಳುವುದು ನಿಮ್ಮ ಕೈಲಾಗದ ಕೆಲಸ.