ಒಂಬತ್ತು ಗಂಟೆ ದಾರಿ

ವೆಸ್ಟೆರಾಸ್
೧೪ ನವೆಂಬರ್ ೨೦೨೪

ಪ್ರೀತಿಯ ಜೈಬಾ ಆಪಾ,

ಅಸ್ಸಲಾಮು ಅಲೈಕುಮ್. ದಾವಣಗೆರೆಯಿಂದ ಬಂದು ತಿಂಗಳಾದರೂ ಒಂದು ಸಾಲು ಬರೆಯಲಿಲ್ಲ, ತಪ್ಪಾಯಿತು. ನೀನು ನನ್ನ ಫೋನ್ ಎತ್ತುವುದಿಲ್ಲ. ಕಾಗದವಾದರೆ ಒಡೆಯದೆ ಇರಲಾರೆ, ನಿನ್ನ ಕುತೂಹಲ ನನಗೆ ಗೊತ್ತಿಲ್ಲವೇ?

ಇಲ್ಲಿ ಕ್ಷೇಮ. ಮೂರೂವರೆಗೇ ಕತ್ತಲು. ಅಜೀಮ್ ಕೆಲಸದ ಮೇಲೆ ದೂರದ ಟೋರ್ಸ್‌ಲಾಂಡ ಊರಿನಲ್ಲಿದ್ದಾರೆ, ಮನೆಗೆ ಬರುವುದು ಶುಕ್ರವಾರವೇ. ಮಲಿಕಾ ಶಿಶುವಿಹಾರದಿಂದ ಬಂದು ಸ್ವೀಡಿಷ್‌ನಲ್ಲಿ ಏನೇನೋ ಹೇಳುತ್ತಾಳೆ, ನಾನು ಹೂಂಗುಟ್ಟುತ್ತೇನೆ. ಅಬ್ಬಾ ತೀರಿಕೊಂಡ ಸುದ್ದಿ ತಿಳಿದು ಆಫೀಸಿನವರು ಕಾಫಿ ಹೊತ್ತಿನಲ್ಲಿ ಒಂದು ಬನ್ನನ್ನು ನನ್ನ ಕಡೆ ಸರಿಸಿದರು. ಅಷ್ಟೇ. ಇಲ್ಲಿ ಯಾರ ಮುಂದೆ ಕೂತು ಅಳಬೇಕೋ ತಿಳಿಯುತ್ತಿಲ್ಲ ಆಪಾ.

ಈಗ ವಿಷಯಕ್ಕೆ ಬರುತ್ತೇನೆ. ಅಬ್ಬಾ ಹೋದ ಮಾರನೇ ದಿನ ನಾನು ಮನೆಯೊಳಗೆ ಕಾಲಿಟ್ಟಾಗ ಚಾಚಿ, "ಒಂಬತ್ತ್ ಗಂಟೆ ದಾರಿಗೆ ಇಡೀ ದಿನ ಬೇಕಾಯ್ತೇನವ್ವಾ?" ಎಂದರು. ನೀನು ಮುಖ ತಿರುಗಿಸಿದೆ. ಅದಕ್ಕೆ ಉತ್ತರ ಈ ಕಾಗದ.

ನಾನು ಸ್ವೀಡನ್ನಿಗೆ ಬಂದ ಮೊದಲ ವಾರ ಅಬ್ಬಾ ಫೋನಿನಲ್ಲಿ, "ಕಿಲೋಮೀಟರ್ ಬ್ಯಾಡ, ಟೈಮಿಂಗ್ ಹೇಳು" ಎಂದಿದ್ದರು. ಮೂವತ್ತು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು ಇನ್ನೇನು ಕೇಳುತ್ತಾರೆ! ಇಂಟರ್ನೆಟ್‌ನಲ್ಲಿದ್ದುದನ್ನು ಓದಿ ಹೇಳಿದೆ: ವೆಸ್ಟೆರಾಸ್‌ನಿಂದ ದಾವಣಗೆರೆಗೆ ಏಳು ಸಾವಿರ ಕಿಲೋಮೀಟರ್, ಒಂಬತ್ತು ಗಂಟೆ. "ಅಷ್ಟೇನಾ? ನಮ್ ಹೈದರಾಬಾದ್ ಬಸ್ಸೇ ಇದಕ್ಕಿಂತ ಲೇಟು!" ಎಂದು ನಕ್ಕು, ಕ್ಯಾಲೆಂಡರ್ ಪಕ್ಕದ ಗೋಡೆಯ ಮೇಲೆ ಬರೆದಿಟ್ಟರು.

ಅದು ನೇರವಾಗಿ ಹಾರುವ ವಿಮಾನದ ಲೆಕ್ಕ. ಅಂಥ ವಿಮಾನವೇ ಇಲ್ಲ. ಇಲ್ಲಿಂದ ರೈಲು, ದೋಹಾದಲ್ಲಿ ಇಳಿದು ಕಾಯುವುದು, ಬೆಂಗಳೂರಿನಿಂದ ಮತ್ತೆ ಕಾರು, ಎಲ್ಲ ಸೇರಿ ಇಪ್ಪತ್ತನಾಲ್ಕು ಗಂಟೆ. ಮೊದಲ ರಜೆಯಲ್ಲೇ ನನಗದು ಗೊತ್ತಾಯಿತು. ಆದರೆ ಅಬ್ಬಾ ನೆಂಟರಿಗೆಲ್ಲ ಆ ಗೋಡೆ ತೋರಿಸುತ್ತಿದ್ದರಲ್ಲ, ಹೇಗೆ ತಿದ್ದಲಿ? ಬರುವಾಗಲೆಲ್ಲ ದೋಹಾ ತಲುಪಿ, ಮನೆಗೆ ಒಂಬತ್ತು ಗಂಟೆ ಉಳಿದ ಮೇಲೆಯೇ "ಹೊರಟೆ ಅಬ್ಬಾ" ಎಂದು ಫೋನ್ ಮಾಡುತ್ತಿದ್ದೆ.

ಆ ದಿನ ಅಲ್ಲಿ ಬೆಳಗಿನ ಫಜರ್ ಹೊತ್ತಿಗೆ ನಮ್ಮ ಫೈಜಲ್ ಭಾಯ್ ಫೋನ್ ಮಾಡಿ, "ಅಬ್ಬಾ ಹೋದ್ರು, ಹೊರಡು" ಎಂದರು. "ಹೊರಟೆ" ಎಂದೆ. ಎಷ್ಟು ಹೊತ್ತಾಗುತ್ತದೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನಮ್ಮಲ್ಲಿ ಮಯ್ಯತ್ ಇಟ್ಟುಕೊಂಡು ಕಾಯುವುದಿಲ್ಲವಲ್ಲ, ಮಧ್ಯಾಹ್ನದ ಜುಹರ್ ಹೊತ್ತಿಗೆ ದಫನ್ ಮುಗಿಯುತ್ತದೆ ಎಂದುಕೊಂಡೇ ವಿಮಾನ ಹತ್ತಿದೆ. ಭಾಯ್ ಗೋಡೆ ನೋಡಿ ಗಂಟೆ ಎಣಿಸಿ, ಜಮಾತಿನ ಹಿರಿಯರ ಕೈಹಿಡಿದು, "ನಿಲೋಫರ್ ಬಂದೇ ಬರ್ತಾಳೆ, ಅಸರ್ ತನಕ ತಡೀರಿ" ಎಂದು ಬೇಡಿಕೊಂಡದ್ದು ಆಮೇಲೆ ತಿಳಿಯಿತು. ಸಂಜೆಯ ಅಸರ್ ಆಯಿತು, ಹೊತ್ತು ಮುಳುಗಿ ಮಗ್ರಿಬ್ ಆಯಿತು. ನೀವು ಜನಾಜಾ ಎತ್ತುವಾಗ ನಾನು ದೋಹಾದ ಕುರ್ಚಿಯಲ್ಲಿ ಕೂತಿದ್ದೆ.

ನಾನು ಹೊರಡಲು ತಡಮಾಡಲಿಲ್ಲ ಆಪಾ. ಸುಳ್ಳು ಹೇಳಿದ್ದೆ. ಭಾಯ್‌ಗೂ ಚಾಚಿಗೂ ಓದಿ ಹೇಳು. ಬೈಯುವುದಿದ್ದರೆ ಫೋನ್ ಮಾಡಿಯೇ ಬೈ, ನಿನ್ನ ದನಿಯಾದರೂ ಕೇಳಲಿ.

ಅಲ್ಲಾಹ್ ನಿನಗೂ ಮಕ್ಕಳಿಗೂ ಆಯಸ್ಸು, ಆರೋಗ್ಯ ಕೊಡಲಿ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ತಂಗಿ,
ನಿಲೋಫರ್

ತಾ.ಕ.: ಇದನ್ನು ನೀನೊಬ್ಬಳೇ ಓದಿಕೋ. ಹೋಗುವ ಮೂರು ದಿನ ಮೊದಲು ಅಬ್ಬಾ ಫೋನ್ ಮಾಡಿದ್ದರು. "ಎದೆ ಸ್ವಲ್ಪ ಹಿಡ್ಕೊಂಡಂಗೈತಿ, ಜೈಬಾಗೆ ಹೇಳ್ಬ್ಯಾಡ, ಗಾಬರಿಯಾಗ್ತಾಳೆ" ಎಂದರು. ಟಿಕೆಟ್ ನೋಡಲೇ ಎಂದೆ. "ಈಗ್ಲೇ ಯಾಕವ್ವಾ, ರಜಾ ಸುಮ್ನೆ ಹಾಳು. ಒಂಬತ್ತ್ ಗಂಟೆ ತಾನೇ? ಬೇಕಂದಾಗ ಕರೀತೀನಿ" ಎಂದರು. ನಾನು, "ಹೂಂ ಅಬ್ಬಾ, ಒಂಬತ್ತೇ" ಎಂದೆ.